ಮೋಟೆಬೆನ್ನೂರು ದಾಟದ ಎತ್ತು

ಶಂಭುಲಿಂಗ ಸುಳ್ಳು ಹೇಳುವ ಮನುಷ್ಯನಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದೆ ಅವನು ಆಡುವ ಮಾತುಗಳಲ್ಲಿ ನಿಜ ಇರುವುದು ಬಹಳ ಕಡಿಮೆ.

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಹಾಲಸಿದ್ದಪ್ಪನವರ ದಲಾಲಿ ಅಂಗಡಿ ಇದೆ. ಬಂದ ಮಾಲನ್ನು ಮುರಿದು ನೋಡಿ, ಮೂಸಿ ನೋಡಿ, ಇದು ಡಬ್ಬಿ ಜಾತಿ, ಇದು ಕಡ್ಡಿ ಜಾತಿ ಎಂದು ಬೇರೆ ಬೇರೆ ರಾಶಿ ಹಾಕಿಸುವುದು ಅಲ್ಲಿ ಅವನ ಕೆಲಸ. ಅವನು ಪೇಟೆಗೆ ಹೊರಡುವ ಹೊತ್ತಿಗೆ ಊರಿನ ಕೋಳಿಗಳು ಕೂಗುವುದೋ ಬೇಡವೋ ಎಂದು ಇನ್ನೂ ಯೋಚನೆ ಮಾಡುತ್ತಿರುತ್ತವೆ. ದಿನವಿಡೀ ಕೆಂಪು ಧೂಳಿನಲ್ಲಿ ನಿಂತು, ಸಂಜೆ ಮನೆಗೆ ಬಂದು, ಮೈಯ ಉರಿ ಹೋಗುವ ತನಕ ನೀರು ಹಾಕಿಕೊಂಡು, ರೊಟ್ಟಿ ಉಂಡು, ಎಂಟಕ್ಕೆ ಪಡಸಾಲೆಯ ಚಾಪೆಯ ಮೇಲೆ ಅಡ್ಡಾಗುತ್ತಾನೆ. ಪಕ್ಕದಲ್ಲಿ ನಾಲ್ಕು ವರ್ಷದ ಮಗಳು ಭುವನಾ. ಅವಳನ್ನು ಮಲಗಿಸುವ ಕೆಲಸ ತನ್ನದು, ಅದರಲ್ಲಿ ಯಾರೂ ಕೈಹಾಕಬಾರದು ಎಂದು ಹೆಂಡತಿ ಸ್ನೇಹಾಳಿಗೆ ಮೊದಲೇ ಹೇಳಿಬಿಟ್ಟಿದ್ದ. ಇಡೀ ದಿನದಲ್ಲಿ ಮಗಳು ಅವನ ಪಾಲಿಗೆ ಸಿಗುವುದು ಅದೊಂದೇ ಹೊತ್ತು.

ಮಲಗಿಸಲು ಅವನ ಹತ್ತಿರ ಒಂದು ಕಥೆ ಇತ್ತು. ಒಂದೇ ಕಥೆ. ಕುಪ್ಪೇಲೂರಿನ ಒಂದು ಮುದಿ ಎತ್ತು ತಾನೇ ಬೆಳೆದ ಮೆಣಸಿನಕಾಯಿಯನ್ನು ಚೀಲದಲ್ಲಿ ತುಂಬಿ, ಬೆನ್ನ ಮೇಲೆ ಹೇರಿಕೊಂಡು, ಬ್ಯಾಡಗಿಯಲ್ಲಿ ಮಾರಿ ಕೊರಳಿಗೊಂದು ಗಂಟೆ ತರುತ್ತೇನೆಂದು ಹೊರಡುತ್ತದೆ. ರಾಣೆಬೆನ್ನೂರಿನ ಬಸ್‌ಸ್ಟ್ಯಾಂಡ್ ಮುಂದೆ ನಿಂತು ಬಸ್ಸುಗಳಿಗೆ ದಾರಿ ಬಿಡುತ್ತದೆ. ಅಲ್ಲಿಂದ ಹೈವೇ ಹಿಡಿದು, ನಡೆದು ನಡೆದು, ಮೋಟೆಬೆನ್ನೂರಿಗೆ ಬಂದು ನೀರು ಕುಡಿಯಲು ನಿಲ್ಲುತ್ತದೆ. ಮೋಟೆಬೆನ್ನೂರಿನಿಂದ ಬ್ಯಾಡಗಿ ಏನು ಮಹಾ ದೂರ? ಆದರೆ ಆ ಎತ್ತು ಇವತ್ತಿನ ತನಕ ಬ್ಯಾಡಗಿಯ ಮುಖ ಕಂಡಿರಲಿಲ್ಲ. ಎತ್ತು ನೀರಿಗೆ ಬಾಯಿ ಹಚ್ಚುವುದರೊಳಗೆ ಶಂಭುಲಿಂಗನೇ ಗೊರಕೆ ಹೊಡೆಯುತ್ತಿದ್ದ.

ಇದು ಅವನಿಗೆ ಗೊತ್ತಿರಲಿಲ್ಲ. ನಿದ್ದೆ ಹೋದವನಿಗೆ ತಾನು ನಿದ್ದೆ ಹೋದದ್ದನ್ನು ಯಾರು ಬಂದು ಹೇಳಬೇಕು? ಕಥೆ ಶುರುಮಾಡುವಾಗ ಮಗಳು ಪಕ್ಕದಲ್ಲಿರುತ್ತಾಳೆ. ಬೆಳಗ್ಗೆ ಕಣ್ಣು ಬಿಟ್ಟಾಗ ಮಗಳು ಪಕ್ಕದಲ್ಲೇ ಗಾಢ ನಿದ್ದೆಯಲ್ಲಿರುತ್ತಾಳೆ. ಅಂದಮೇಲೆ ಮಲಗಿಸಿದ್ದು ತಾನೇ, ಎಂಟಕ್ಕೇ. ಈ ತರ್ಕದಲ್ಲಿ ತಪ್ಪು ಹುಡುಕುವುದು ವಕೀಲರಿಗೂ ಕಷ್ಟ.

ನಡುವೆ ಆಗುತ್ತಿದ್ದದ್ದೇ ಬೇರೆ. ಭುವನಾ ಎದ್ದು ಅಪ್ಪನಿಗೆ ಕೌದಿ ಹೊದಿಸುತ್ತಿದ್ದಳು. ಅವನ ತಲೆ ತಟ್ಟುತ್ತಿದ್ದಳು. ಆಮೇಲೆ ಅಡುಗೆಮನೆಗೆ ಹೋಗಿ, ಎತ್ತು ನೀರು ಕುಡಿಯಿತೋ ಇಲ್ಲವೋ, ಗಂಟೆ ಸಿಕ್ಕಿತೋ ಇಲ್ಲವೋ ಎಂದು ಅವ್ವನ ಬೆನ್ನು ಹತ್ತುತ್ತಿದ್ದಳು. ಸ್ನೇಹಾ ಒಂದೆರಡು ಸಲ ಎತ್ತನ್ನು ಮುಂದೆ ಹೊಡೆಯಲು ನೋಡಿದಳು. ಅದು ಅಪ್ಪನ ಎತ್ತು, ನಿನಗೇನು ಗೊತ್ತು ಎಂದು ಮಗಳು ತಡೆದಳು. ಹೀಗೆ ಪಾತ್ರೆ ಬಡಿದು, ಡಬ್ಬಿ ಉರುಳಿಸಿ, ಅವ್ವ ಅರ್ಧ ಜೀವವಾದ ಮೇಲೆ ಅವಳು ಮಲಗುವಳು. ಬೆಳಗ್ಗೆ ಅಂಗನವಾಡಿಯಲ್ಲಿ ಉಪ್ಪಿಟ್ಟಿನ ತಟ್ಟೆ ಮುಂದಿಟ್ಟುಕೊಂಡು ತೂಕಡಿಸುವಳು. ಸ್ನೇಹಾ ಇದನ್ನೆಲ್ಲ ಗಂಡನಿಗೆ ಬಿಡಿಸಿ ಹೇಳಿದ್ದಳು. ಅವನು ನಕ್ಕು, ನೀನು ಎಲ್ಲೋ ಕನಸು ಕಂಡಿರಬೇಕು ಎಂದಿದ್ದ.

ಕೊನೆಗೆ ಅವಳು ಕುಪ್ಪೇಲೂರಿಗೆ, ತನ್ನ ಅವ್ವ ಗದಿಗೆವ್ವನಿಗೆ ಫೋನ್ ಮಾಡಿದಳು. ಗದಿಗೆವ್ವನ ಮನೆಯಲ್ಲಿ ಗಂಡುಮಕ್ಕಳು, ಸೊಸೆಯರು, ಮೊಮ್ಮಕ್ಕಳು ಎಂದು ತುಂಬಿದ ಸಂಸಾರ. ಅಲ್ಲಿ ಯಾವ ಕೂಸಿಗೂ ನಿದ್ದೆ ಬಾರದೆ ಇರುವ ಧೈರ್ಯ ಇಲ್ಲ. ಅಮಾವಾಸ್ಯೆಯ ದಿನ ಮಧ್ಯಾಹ್ನದ ಬಸ್ಸಿಗೆ ಅವಳು ಬ್ಯಾಡಗಿಗೆ ಬಂದಿಳಿದಳು. ಕೂಸಿನ ಮುಖ ನೋಡಿದಳು, ಇದಕ್ಕೆ ನೆದರು, ಅಂದರೆ ದೃಷ್ಟಿ, ಆಗಿದೆ ಎಂದಳು, ಉಪ್ಪು ಮೆಣಸಿನಕಾಯಿ ಕೇಳಿದಳು. ಸ್ನೇಹಾ ಮನೆಯಲ್ಲಿದ್ದ ಡಬ್ಬದಿಂದ ಹಿಡಿ ತುಂಬ ತೆಗೆದುಕೊಟ್ಟಳು.

ದೃಷ್ಟಿ ತೆಗೆಯುವ ಶಾಸ್ತ್ರ ಎಲ್ಲರಿಗೂ ಗೊತ್ತಿದ್ದದ್ದೇ. ನಿವಾಳಿಸಿದ ಮೆಣಸಿನಕಾಯಿಯನ್ನು ಬೆಂಕಿಗೆ ಹಾಕಿದಾಗ ಘಾಟೆದ್ದು ಮಂದಿ ಕೆಮ್ಮಿದರೆ ಚಿಂತೆಯಿಲ್ಲ. ಘಾಟು ಏಳದಿದ್ದರೆ ದೃಷ್ಟಿ ಬಲವಾಗಿದೆ ಎಂದು ಅರ್ಥ. ಆದರೆ ಈ ಶಾಸ್ತ್ರ ಕಟ್ಟಿದ ಪುಣ್ಯಾತ್ಮರು ಡಬ್ಬಿ ಮೆಣಸಿನಕಾಯಿ ಕಂಡವರಲ್ಲ. ಅದು ಬಣ್ಣಕ್ಕೆ ಹೆಸರಾದದ್ದು, ಖಾರದ ವಿಷಯದಲ್ಲಿ ಬಹಳ ಸಂಭಾವಿತ. ಅದರಲ್ಲೂ ಸ್ನೇಹಾ ಕೊಟ್ಟದ್ದು ಬೀಜ ತೆಗೆದು ಇಟ್ಟದ್ದು. ಗದಿಗೆವ್ವ ಹಿತ್ತಲಿನ ನೀರೊಲೆಗೆ ಅದನ್ನು ಸುರಿದಳು. ಎಲ್ಲರೂ ಮೂಗು ಸಿದ್ಧಮಾಡಿಕೊಂಡು ನಿಂತರು. ಯಾರಿಗೂ ಕೆಮ್ಮು ಬರಲಿಲ್ಲ. ಗೋಡೆಯಾಚೆಯ ಮನೆಯ ಕುಲ್ಸುಮಬಿ ನೋಡಲು ಬಂದಿದ್ದವಳು ಮರ್ಯಾದೆಗಾಗಿ ಸ್ವಲ್ಪ ಕೆಮ್ಮಲು ಪ್ರಯತ್ನಪಟ್ಟಳು, ಆದರೆ ಅದು ಯಾರನ್ನೂ ನಂಬಿಸುವಂತಿರಲಿಲ್ಲ.

ಅವತ್ತು ಪೇಟೆಗೆ ವಾರದ ರಜೆ, ಶಂಭುಲಿಂಗ ಮನೆಯಲ್ಲೇ ಇದ್ದ. ತನ್ನ ವಿದ್ಯೆಯ ವಿಷಯ ಬಂದಾಗ ಸುಮ್ಮನಿರುವುದು ಅವನಿಂದ ಆಗಲಿಲ್ಲ.

"ಅತ್ತಿ, ಇದು ಡಬ್ಬಿ ಐತ್ರಿ. ಇದಕ್ಕ ಬಣ್ಣ ಅಷ್ಟ, ಘಾಟು ಇರೂದಿಲ್ಲ."

"ಮೆಣಸಿನಕಾಯಿಗೆ ಘಾಟಿಲ್ಲಂದ್ರ ಅದಕ್ಕೂ ನೆದರಾಗೇತಿ, ಅಳಿಯಂದಿರ," ಎಂದಳು ಗದಿಗೆವ್ವ.

ಗದಿಗೆವ್ವ ಕೈ ತೊಳೆದುಕೊಂಡು ತೀರ್ಪು ಕೊಟ್ಟಳು. ಈ ಮನೆಯಲ್ಲಿ ಮೆಣಸಿನಕಾಯಿಗೇ ಆರೋಗ್ಯ ಸರಿ ಇಲ್ಲದಿರುವಾಗ ಕೂಸಿಗೆ ನಿದ್ದೆ ಎಲ್ಲಿಂದ ಬರಬೇಕು? ಮುಂದಿನ ಅಮಾವಾಸ್ಯೆಗೆ ತಾನು ಮತ್ತೆ ಬರುತ್ತೇನೆ, ಅಷ್ಟರಲ್ಲಿ ಭುವನಾ ಹೊತ್ತಿಗೆ ಸರಿಯಾಗಿ ಮಲಗುವುದನ್ನು ಕಲಿತಿರಬೇಕು, ಇಲ್ಲದಿದ್ದರೆ ಶಾಲೆಗೆ ಹಚ್ಚುವ ತನಕ ಅವಳು ಕುಪ್ಪೇಲೂರಿನಲ್ಲಿ ಇರಲಿ ಎಂದಳು. ಅವಳ ಮಾತಿನಲ್ಲಿ ಸಿಟ್ಟು ಇರಲಿಲ್ಲ. ಸಿಟ್ಟಿದ್ದರೆ ಹೇಗೋ ಸಮಾಧಾನ ಮಾಡಬಹುದಿತ್ತು.

ಮಗಳು ಇಲ್ಲದ ಮನೆಗೆ ಸಂಜೆ ಬರುವುದು ಹೇಗೆಂದು ಶಂಭುಲಿಂಗನಿಗೆ ತಿಳಿಯಲಿಲ್ಲ. ಆ ಭಯದಲ್ಲೇ ಅವನು ಎದ್ದು ನಿಂತು, ಕುಲ್ಸುಮಬಿಯ ಎದುರಿಗೇ ಹೇಳಿಬಿಟ್ಟ.

"ಯಾರ್ರಿ ಹೇಳಿದ್ದು ಇಕಿ ಮಲಗೂದಿಲ್ಲಂತ? ದಿನಾ ಎಂಟಕ್ಕ ನಾ ಮಲಗಸ್ತೀನಿ. ಇಕಿ ಅಷ್ಟ ಅಲ್ಲ, ಈ ಓಣಿಯ ಯಾವ ಕೂಸಿನ್ನ ತಂದು ಕೊಡ್ರಿ, ಎಂಟಕ್ಕ ಮಲಗಸ್ತೀನಿ."

ಗದಿಗೆವ್ವ ಮಗಳ ಮುಖ ನೋಡಿದಳು. ಮಗಳು ಗೋಡೆ ನೋಡಿದಳು. ನಿಜ ಹೇಳಿದರೆ ಗಂಡ ಸೋಲುತ್ತಾನೆ, ಕೂಸು ಕುಪ್ಪೇಲೂರಿನ ಬಸ್ಸು ಹತ್ತುತ್ತದೆ. ಮಗಳ ಕಾಟ ಸಾಕಾಗಿದೆ ಎಂದು ಫೋನ್ ಮಾಡಿದವಳು ಅವಳೇ ಇರಬಹುದು, ಆದರೆ ಸಾಕಾಗುವುದು ಬೇರೆ, ಕಳಿಸಿಕೊಡುವುದು ಬೇರೆ.

ಮಾತು ಮುತ್ತು ಎನ್ನುತ್ತಾರೆ. ಶಂಭುಲಿಂಗನ ಮುತ್ತನ್ನು ಕುಲ್ಸುಮಬಿ ಅಲ್ಲೇ ಸೆರಗಿನಲ್ಲಿ ಕಟ್ಟಿಕೊಂಡಿದ್ದಳು. ಅವಳ ಮೊಮ್ಮಗ ನಯಾಜ ಭುವನಾಳ ಜೊತೆಗೇ ಅಂಗನವಾಡಿಗೆ ಹೋಗುವವ. ಕೈಯಲ್ಲಿ ಮೊಬೈಲ್ ಇಲ್ಲದೆ ಅವನು ತಲೆ ದಿಂಬಿಗೆ ಇಡುತ್ತಿರಲಿಲ್ಲ. ಮರುದಿನ ಎಂಟಕ್ಕೆ ಸರಿಯಾಗಿ ಕುಲ್ಸುಮಬಿ ಅವನನ್ನು ತಂದು ಚಾಪೆಯ ಮೇಲೆ ಕೂರಿಸಿ, ಇವನನ್ನೂ ಒಂದು ಕೈ ನೋಡಪ್ಪ ಶಂಭಣ್ಣ ಎಂದು ಹೇಳಿ, ತಾನು ಮನೆಗೆ ಹೋಗಿ ಮಲಗಿಬಿಟ್ಟಳು.

ಶಂಭುಲಿಂಗ ಎತ್ತನ್ನು ಕುಪ್ಪೇಲೂರಿನಿಂದ ಹೊರಡಿಸಿದ. ಮೋಟೆಬೆನ್ನೂರಿನಲ್ಲಿ ಎಂದಿನಂತೆ ಗೊರಕೆ ಶುರುವಾಯಿತು. ಭುವನಾ ತುಟಿಯ ಮೇಲೆ ಬೆರಳಿಟ್ಟು, ಅಪ್ಪ ಮಲಗಿದ್ದಾನೆ, ಸಪ್ಪಳ ಮಾಡಬಾರದು ಎಂದು ನಯಾಜನಿಗೆ ಕಲಿಸಿದಳು. ಆಮೇಲೆ ಇಬ್ಬರೂ ಸರದಿಯ ಮೇಲೆ ಎತ್ತಾದರು. ಒಬ್ಬರ ಬೆನ್ನ ಮೇಲೆ ಇನ್ನೊಬ್ಬರು ದಿಂಬು ಹೇರಿ, ಶಂಭುಲಿಂಗನ ಸುತ್ತ ಮಂಡಿಯೂರಿ ತಿರುಗಿದರು. ಎಲ್ಲ ಪಿಸುಮಾತಿನಲ್ಲೇ ನಡೆಯಿತು. ಕುಲ್ಸುಮಬಿ ನಿದ್ದೆ ಮುಗಿಸಿ ಬರುವ ಹೊತ್ತಿಗೆ ನಯಾಜ ಬಸವಳಿದಿದ್ದ. ಅಜ್ಜಿ ಹೆಗಲಿಗೆ ಹಾಕಿಕೊಂಡದ್ದೇ ತಡ, ನಿದ್ದೆ ಹೋದ. ಮೊಬೈಲ್ ಎಂಬ ಶಬ್ದವೇ ಅವನ ಬಾಯಿಂದ ಬರಲಿಲ್ಲ.

ಬೆಳಗಾಗುವುದರೊಳಗೆ ಈ ಸುದ್ದಿ ನಳದ ಕಟ್ಟೆ ಮುಟ್ಟಿತು. ಅಲ್ಲಿಂದ ಸುದ್ದಿ ಎಲ್ಲಿಗೆ ಬೇಕಾದರೂ ತಾನೇ ನಡೆದುಹೋಗುತ್ತದೆ. ಒಂದು ವಾರದಲ್ಲಿ ಶಂಭುಲಿಂಗನ ಪಡಸಾಲೆಗೆ ಇನ್ನೊಂದು ಚಾಪೆ ಬೇಕಾಯಿತು. ಚಹಾದಂಗಡಿಯ ಶೇಖಪ್ಪ ತನ್ನ ಜೋಡಿ ಹುಡುಗರನ್ನು ತಂದುಬಿಟ್ಟ. ಹೆಸರು ಗೊತ್ತಿಲ್ಲದ ಒಂದೆರಡು ಮಕ್ಕಳೂ ಬಂದು ಸೇರಿದವು. ಎಲ್ಲ ಮಕ್ಕಳೂ ಎತ್ತಾಗಿ ತಿರುಗಿ, ದಣಿದು, ಮನೆಗೆ ಹೋಗಿ ಬಿದ್ದುಕೊಂಡವು. ಮಲಗದೆ ಉಳಿಯುತ್ತಿದ್ದವಳು ಭುವನಾ ಒಬ್ಬಳೇ. ಬೇರೆ ಮಕ್ಕಳಿಗೆ ಅದು ಆಟ. ಅವಳಿಗೆ ಮಾತ್ರ ಮೋಟೆಬೆನ್ನೂರಿನಲ್ಲಿ ಒಂದು ಎತ್ತು ಚೀಲ ಹೊತ್ತು ನಿಂತೇ ಇದೆ ಎಂಬ ಚಿಂತೆ.

ಶಂಭುಲಿಂಗ ಈಗ ಮೊದಲಿನ ಶಂಭುಲಿಂಗನಾಗಿ ಉಳಿದಿರಲಿಲ್ಲ. ಶೇಖಪ್ಪನ ಅಂಗಡಿಯಲ್ಲಿ ಚಹಾ ಆರುವ ತನಕ ಅವನು ಉಪದೇಶ ಕೊಡುತ್ತಿದ್ದ. ಧ್ವನಿ ಇಳಿಸಬೇಕು. ಆತುರ ಮಾಡಬಾರದು. ಕೂಸಿನ ಕಣ್ಣನ್ನೇ ನೋಡುತ್ತಿರಬೇಕು, ಅದು ಮುಚ್ಚಿತು ಅಂದಕೂಡಲೇ ಕಥೆ ನಿಲ್ಲಿಸಬೇಕು. ಕಣ್ಣು ಮುಚ್ಚಿದಾಗ ಕಥೆ ನಿಲ್ಲುತ್ತಿದ್ದದ್ದಂತೂ ನಿಜ.

ದಲಾಲಿ ಮಾಲೀಕರಾದ ಹಾಲಸಿದ್ದಪ್ಪನವರಿಗೆ ರಾತ್ರಿ ನಿದ್ದೆ ಬಾರದ ಕಾಯಿಲೆ ಇತ್ತು. ಹಾವೇರಿಯ ಡಾಕ್ಟರರ ಗುಳಿಗೆಯಿಂದ ಅವರಿಗೆ ಹಗಲು ಮಾತ್ರ ನಿದ್ದೆ ಬರುತ್ತಿತ್ತು. ತಮ್ಮದೇ ಅಂಗಡಿಯ ಆಳು ಊರನ್ನೆಲ್ಲ ಮಲಗಿಸುತ್ತಿದ್ದಾನೆ ಎಂದು ಕೇಳಿ ಒಂದು ಸಂಜೆ ಅವರೇ ಬಂದು ಕುರ್ಚಿ ಹಾಕಿಸಿಕೊಂಡು ಕೂತರು. ಎತ್ತು ರಾಣೆಬೆನ್ನೂರು ಮುಟ್ಟುವ ಮೊದಲೇ ಅವರ ಗದ್ದ ಎದೆಗೆ ತಾಗಿತು. ಆ ಕಥೆಯ ಗುಣವೇ ಹಾಗಿರಬೇಕು. ದುಡಿದು ದಣಿದ ದೊಡ್ಡವರನ್ನು ಅದು ಗ್ಯಾರಂಟಿ ಮಲಗಿಸುತ್ತಿತ್ತು, ಮಕ್ಕಳನ್ನು ಎಬ್ಬಿಸಿ ಕೂರಿಸುತ್ತಿತ್ತು. ಮರುದಿನ ಮಾಲೀಕರು ಪೇಟೆಯಲ್ಲಿ ನಿಂತು ಶಂಭುಲಿಂಗನ ಹೆಗಲ ಮೇಲೆ ಕೈಯಿಟ್ಟು ಮಾತಾಡಿದರು. ಇನ್ನು ಅವನ ಕೀರ್ತಿಗೆ ಸಾಕ್ಷಿ ಬೇಕಾಗಿರಲಿಲ್ಲ.

ಅಂಗನವಾಡಿಯ ಟೀಚರು ಕೂಡ ಗಮನಿಸಿದ್ದರು. ನಯಾಜ, ಶೇಖಪ್ಪನ ಜೋಡಿ ಹುಡುಗರು ಬೆಳಗ್ಗೆ ಚುರುಕಾಗಿ ಬರುತ್ತಿದ್ದರು. ಟೀಚರು ತಮ್ಮ ಮೇಲಿನ, ಎಲ್ಲರೂ ಬಾಯಾರು ಎಂದು ಕರೆಯುವ ಸೂಪರ್‌ವೈಜರ್ ಮೇಡಂಗೆ ಈ ಸಂಗತಿ ತಿಳಿಸಿದರು. ಚಿಕ್ಕ ಮಕ್ಕಳ ನಿದ್ದೆಯ ಬಗ್ಗೆ ತಾಯಂದಿರಿಗೆ ತಿಳಿವಳಿಕೆ ಕೊಟ್ಟು ಕೊಟ್ಟು ಸಾಕಾಗಿದ್ದ ಬಾಯಾರಿಗೆ, ಒಬ್ಬ ತಂದೆ ಇಂಥ ಕೆಲಸ ಮಾಡುತ್ತಾನೆಂದರೆ ಬಹಳ ಖುಷಿಯಾಯಿತು. ತಾವೇ ಬಂದು ನೋಡಿ, ಮೊಬೈಲಿನಲ್ಲಿ ಹಿಡಿದು, ಬೇರೆ ಅಂಗನವಾಡಿಗಳಿಗೂ ತೋರಿಸುವುದಾಗಿ ಹೇಳಿ ಕಳಿಸಿದರು. ಅವರು ಗೊತ್ತುಮಾಡಿದ ದಿನ ಅಮಾವಾಸ್ಯೆಯಾಗಿತ್ತು.

ಅವತ್ತು ಗದಿಗೆವ್ವ ಸಂಜೆಯ ಬಸ್ಸಿಗೇ ಬಂದಳು, ರಾತ್ರಿ ಉಳಿಯುವ ಸಿದ್ಧತೆಯಲ್ಲಿ. ಸೆರಗಿನ ಗಂಟಿನಲ್ಲಿ ತನ್ನ ಹೊಲದ ಮೆಣಸಿನಕಾಯಿ ಕಟ್ಟಿಕೊಂಡಿದ್ದಳು, ಗಿಡ್ಡ, ಮೊಂಡ, ಕೈ ತಾಗಿದರೆ ಸಂಜೆ ತನಕ ಉರಿಯುವ ಜಾತಿ. ಇನ್ನೊಂದು ಕೈಯಲ್ಲಿ ಖಾಲಿ ಚೀಲ. ಭುವನಾಳ ಅರಿವೆ ತುಂಬಿಕೊಂಡು ಹೋಗಲು ತಂದದ್ದು. ಆ ಚೀಲ ನೋಡಿ ಸ್ನೇಹಾ ಅಡುಗೆಮನೆಗೆ ಹೋದಳು, ಬಹಳ ಹೊತ್ತು ಹೊರಗೆ ಬರಲಿಲ್ಲ. ಶಂಭುಲಿಂಗ ಮಾತ್ರ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಓಡಾಡುತ್ತಿದ್ದ. ಅತ್ತೆಯ ಎದುರಿಗೆ ಸರಕಾರದವರೇ ಬಂದು ತನ್ನ ವಿದ್ಯೆ ನೋಡುತ್ತಾರೆ, ಇನ್ನು ಮಗಳನ್ನು ಯಾರು ಕರೆದೊಯ್ಯುತ್ತಾರೆ ಎಂಬ ಧೈರ್ಯ ಅವನಿಗೆ.

ಎಂಟಕ್ಕೆ ಪಡಸಾಲೆ ತುಂಬಿತು. ಚಾಪೆಯ ಮೇಲೆ ಮಕ್ಕಳು, ಗೋಡೆಗೆ ಆತು ಗದಿಗೆವ್ವ ಮತ್ತು ಕುಲ್ಸುಮಬಿ, ಕುರ್ಚಿಯಲ್ಲಿ ಹಾಲಸಿದ್ದಪ್ಪನವರು, ಬಾಗಿಲ ಹತ್ತಿರ ಟೀಚರು. ಸೂಪರ್‌ವೈಜರ್ ಬಾಯಾರು ಮೊಬೈಲ್ ಹಿಡಿದು ನಿಂತರು. ಶಂಭುಲಿಂಗ ಗಂಟಲು ಸರಿಮಾಡಿಕೊಂಡು ಎತ್ತನ್ನು ಹೊರಡಿಸಿದ. ಅವತ್ತು ಪೇಟೆಯಲ್ಲಿ ಮಾಲು ಬಹಳ ಬಂದಿತ್ತು, ಅವನು ಮಧ್ಯಾಹ್ನ ಕೂತಿರಲೂ ಇಲ್ಲ. ಹಾಲಸಿದ್ದಪ್ಪನವರು ರಾಣೆಬೆನ್ನೂರಿನ ಬಸ್‌ಸ್ಟ್ಯಾಂಡಿನಲ್ಲೇ ಉಳಿದರು. ಹೈವೇಯಲ್ಲಿ ಶಂಭುಲಿಂಗನ ನಾಲಿಗೆ ದಪ್ಪವಾಯಿತು. ಎತ್ತು ಮೋಟೆಬೆನ್ನೂರಿಗೆ ಬಂದಿತು, ನೀರು ನೋಡಿತು, ಬಗ್ಗಿತು. ಅಷ್ಟೇ.

ಗೊರಕೆ ಕೇಳಿ ಸೂಪರ್‌ವೈಜರ್ ಬಾಯಾರು ಮೊದಲು ಇದೂ ಕಥೆಯ ಭಾಗವೇ ಇರಬೇಕು, ಎತ್ತು ನೀರು ಕುಡಿಯುವ ಸಪ್ಪಳ ಇರಬೇಕು ಎಂದುಕೊಂಡರು. ಅಷ್ಟರಲ್ಲಿ ಮಕ್ಕಳೆಲ್ಲ ಎದ್ದು ಕೂತವು. ನಯಾಜ ದಿಂಬು ತಂದು ಶಂಭುಲಿಂಗನ ತಲೆಯ ಕೆಳಗೆ ಸರಿಸಿದ. ಭುವನಾ ಕೌದಿ ಹೊದಿಸಿ, ಅಂಚನ್ನು ಕಾಲಿನ ಕೆಳಗೆ ಮಡಚಿ, ಅಪ್ಪನ ತಲೆ ತಟ್ಟಿದಳು. ಆಮೇಲೆ ದೊಡ್ಡವರ ಕಡೆ ತಿರುಗಿದಳು.

"ಅಪ್ಪ ಮಲಗ್ಯಾನ. ಯಾರೂ ಸಪ್ಪಳ ಮಾಡಬ್ಯಾಡ್ರಿ."

ಮಕ್ಕಳು ಸದ್ದಿಲ್ಲದೆ ಎತ್ತುಗಳಾಗಿ ತಿರುಗತೊಡಗಿದವು. ಟೀಚರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಕುಲ್ಸುಮಬಿ ತನ್ನ ಮೊಮ್ಮಗ ದಿನಾ ಯಾಕೆ ಮಂಡಿ ಕೊಳೆ ಮಾಡಿಕೊಂಡು ಬರುತ್ತಿದ್ದ ಎಂಬುದನ್ನು ಅರ್ಥಮಾಡಿಕೊಂಡಳು. ಸ್ನೇಹಾ ಅಡುಗೆಮನೆಯ ಬಾಗಿಲಲ್ಲಿ ನಿಂತು ಆ ಖಾಲಿ ಚೀಲವನ್ನೇ ನೋಡುತ್ತಿದ್ದಳು. ಅವಳ ಕಣ್ಣು ತುಂಬಿತ್ತು.

ಗದಿಗೆವ್ವ ಮೊಮ್ಮಗಳನ್ನು ಹತ್ತಿರ ಕರೆದು ಕೂರಿಸಿಕೊಂಡಳು. ದಿನಾ ಹೀಗೇನಾ ಎಂದು ಕೇಳಿದಳು. ದಿನಾ ಹೀಗೇ, ಅಪ್ಪ ಮೋಟೆಬೆನ್ನೂರಿನಲ್ಲೇ ಮಲಗಿಬಿಡುತ್ತಾನೆ, ಎತ್ತು ಪಾಪ ಅಲ್ಲೇ ನಿಂತಿರುತ್ತದೆ ಎಂದಳು ಭುವನಾ.

"ನೀ ನನ್ನ ಕೂಡ ಕುಪ್ಪೇಲೂರಿಗೆ ಬರ್ತೀಯೇನವಾ? ಅಲ್ಲಿ ಖರೇ ಎತ್ತು ಅದಾವು."

ಖರೇ ಎತ್ತಿನ ಆಸೆ ಭುವನಾಳಿಗೆ ಇತ್ತು, ಅದು ಮುಖದಲ್ಲೇ ಕಾಣುತ್ತಿತ್ತು.

"ಬರ್ತಿದ್ದೆ ಆಯಿ. ಆದರ ನಾ ಬಂದ್ರ ಅಪ್ಪನ್ನ ಯಾರು ಮಲಗಸ್ತಾರ?"

ಗದಿಗೆವ್ವ ಮೊಮ್ಮಗಳ ಮುಖ ನೋಡಿದಳು, ಅಳಿಯನ ಮುಖ ನೋಡಿದಳು. ಎದ್ದು ಸೆರಗಿನ ಗಂಟು ಬಿಚ್ಚಿದಳು.

"ನೆದರು ಕೂಸಿಗಲ್ಲ, ಅಳಿಯಂದಿರಿಗಾಗೇತಿ," ಎಂದಳು.

ಮಲಗಿದ್ದವನ ಮೇಲೆ ಮೂರು ಸಲ ನಿವಾಳಿಸಿ, ತನ್ನ ಹೊಲದ ಮೆಣಸಿನಕಾಯಿಯನ್ನು ನೀರೊಲೆಯ ಕೆಂಡಕ್ಕೆ ಹಾಕಿದಳು. ಈ ಸಲ ಶಾಸ್ತ್ರಕ್ಕೆ ಯಾವ ಕುಂದೂ ಬರಲಿಲ್ಲ. ಟೀಚರು ಕೆಮ್ಮಿದರು, ಕುಲ್ಸುಮಬಿ ಮನಃಪೂರ್ವಕವಾಗಿ ಕೆಮ್ಮಿದಳು, ಸೂಪರ್‌ವೈಜರ್ ಬಾಯಾರು ಮೊಬೈಲನ್ನು ನಯಾಜನ ಕೈಗೆ ಕೊಟ್ಟು ಕಣ್ಣೊರೆಸಿಕೊಂಡರು. ವರ್ಷಗಟ್ಟಲೆ ಮೆಣಸಿನಕಾಯಿಯಲ್ಲೇ ಬಾಳಿದ ಹಾಲಸಿದ್ದಪ್ಪನವರು ಕುರ್ಚಿಯಿಂದ ಎದ್ದು ಬೀದಿಗೆ ಓಡಿದರು. ಪಕ್ಕದ ಓಣಿಯಲ್ಲೂ ಯಾರೋ ಕೆಮ್ಮುತ್ತಾ ಬಾಗಿಲು ಹಾಕಿಕೊಂಡರು. ಶಂಭುಲಿಂಗ ಮಗ್ಗುಲು ಬದಲಿಸಿದ.

ಘಾಟು ಇಳಿದ ಮೇಲೆ ಅಧಿಕಾರಿಗಳು, ಮಾಲೀಕರು ತಮ್ಮ ತಮ್ಮ ಮನೆಗೆ ಹೋದರು. ಗದಿಗೆವ್ವ ಮಕ್ಕಳನ್ನೆಲ್ಲ ಚಾಪೆಯ ಮೇಲೆ ಸಾಲಾಗಿ ಮಲಗಿಸಿ ನಡುವೆ ಕೂತಳು. ಭುವನಾ, ಅದು ಅಪ್ಪನ ಎತ್ತು ಎಂದು ತಕರಾರು ತೆಗೆದಳು. ಎತ್ತು ಯಾವ ಊರಿನದು ಎಂದು ಗದಿಗೆವ್ವ ಕೇಳಿದಳು. ಕುಪ್ಪೇಲೂರಿನದು ಎಂದಳು ಭುವನಾ. ಹಾಗಾದರೆ ನಮ್ಮೂರಿನ ಎತ್ತು ಎಲ್ಲಿಗೆ ಹೋಯಿತೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು ಎಂದಳು ಗದಿಗೆವ್ವ. ಭುವನಾಳಿಗೆ ಈ ಮಾತು ಒಪ್ಪಿಗೆಯಾಯಿತು.

ಎತ್ತು ಹೊಟ್ಟೆ ತುಂಬ ನೀರು ಕುಡಿಯಿತು. ಮೋಟೆಬೆನ್ನೂರು ದಾಟಿತು. ಬ್ಯಾಡಗಿಯ ಪೇಟೆಗೆ ಬಂದು ಚೀಲ ಇಳಿಸಿತು. ಮಾಲು ನೋಡಿ, ಮೂಸಿ, ಇದು ಒಳ್ಳೆಯ ಡಬ್ಬಿ ಎಂದು ಹೇಳಿದವನು ಶಂಭುಲಿಂಗನೆಂಬ ಒಬ್ಬ ಒಳ್ಳೆಯ ಮನುಷ್ಯ. ಗಂಟೆಯೂ ಸಿಕ್ಕಿತು. ಎತ್ತು ಅದನ್ನು ಕೊರಳಿಗೆ ಕಟ್ಟಿಸಿಕೊಂಡು, ಬಂದ ದಾರಿಯಲ್ಲೇ ಊರಿಗೆ ತಿರುಗಿ, ತನ್ನ ಕೊಟ್ಟಿಗೆಯಲ್ಲಿ ಮಲಗಿತು. ಎತ್ತು ಮಲಗಿದ ಮೇಲೆ ಭುವನಾ ಒಂದು ದೊಡ್ಡ ಉಸಿರು ಬಿಟ್ಟು, ಅಪ್ಪನ ಕೌದಿಯೊಳಗೆ ಸೇರಿಕೊಂಡು ಕಣ್ಣು ಮುಚ್ಚಿದಳು. ಸ್ನೇಹಾ ನೋಡುತ್ತಾ ನಿಂತಿದ್ದಳು. ತಾನೂ ಕುಪ್ಪೇಲೂರಿನವಳೇ ಅಲ್ಲವೇ ಎಂಬುದು ಅವಳಿಗೆ ಆಗ ನೆನಪಾಯಿತು. ಅಂದಿನಿಂದ ಇಂದಿನ ತನಕ ಆ ಎತ್ತನ್ನು ಮೋಟೆಬೆನ್ನೂರಿನವರೆಗೆ ಅಪ್ಪ ಹೊಡೆಯುತ್ತಾನೆ, ಅಲ್ಲಿಂದ ಮುಂದೆ ಅವ್ವ.

ಆ ಅಮಾವಾಸ್ಯೆಯ ರಾತ್ರಿ ಕಳೆದು ನಸುಕಿನಲ್ಲಿ ಶಂಭುಲಿಂಗ ಎಂದಿನಂತೆ ಎದ್ದ. ಪಕ್ಕದಲ್ಲಿ ಮಗಳು ಮಲಗಿದ್ದಳು. ಆಚೆ ನಯಾಜ, ಶೇಖಪ್ಪನ ಜೋಡಿ ಹುಡುಗರು ಮಲಗಿದ್ದರು. ಅವರ ನಡುವೆ, ಖಾಲಿ ಚೀಲವನ್ನೇ ಮಡಚಿ ತಲೆಗಿಟ್ಟುಕೊಂಡು, ಗದಿಗೆವ್ವ ಗೊರಕೆ ಹೊಡೆಯುತ್ತಿದ್ದಳು. ಅವನು ಬಹಳ ಹೊತ್ತು ಆ ದೃಶ್ಯವನ್ನು ನೋಡಿದ. ಆಮೇಲೆ ಬೆಕ್ಕಿನ ಹೆಜ್ಜೆಯಲ್ಲಿ ಅಡುಗೆಮನೆಗೆ ಹೋಗಿ, ಚಹಾ ಕಾಸುತ್ತಿದ್ದ ಹೆಂಡತಿಯ ಕಿವಿಯಲ್ಲಿ ಹೇಳಿದ.

"ನೋಡಿದೇನ? ನಿಮ್ಮವ್ವನ್ನೂ ಮಲಗಿಸಿಬಿಟ್ಟೆ."